ಸ್ಕ್ಯಾನ್ ಮಾಡಿದ ಫೋಟೋ ತುಂಬಾ ಚುಕ್ಕೆ: ವೈರಸ್ಸೋ, ಬೈಟ್‌ಗಳ ಅದಲುಬದಲೋ?

ಹಳೆಯ ಫೋಟೋವನ್ನು ಹೆಚ್ಚಿನ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ ತೆರೆದರೆ, ಕೆಲವೊಮ್ಮೆ ಮರಳು ಎರಚಿದಂತೆ ಬಣ್ಣದ ಚುಕ್ಕೆಗಳೇ ತುಂಬಿರುತ್ತವೆ. ‘ಫೈಲಿಗೆ ವೈರಸ್ ಬಂದಿದೆ, ಡಿಲೀಟ್ ಮಾಡಿ’ ಎಂದು ಯಾರಾದರೂ ಹೇಳಬಹುದು. ಅವಸರ ಬೇಡ. ಚಿತ್ರದ ಮಾಹಿತಿ ಪೂರ್ತಿಯಾಗಿ ಉಳಿದಿದ್ದು, ಅದನ್ನು ಓದುವ ಕ್ರಮ ಮಾತ್ರ ತಪ್ಪಿರಬಹುದು.

ಬೈಟ್ ಕ್ರಮ ಎಂದರೇನು?

ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಸಂಖ್ಯೆ ಹಿಡಿಸುತ್ತದೆ. 8 ಬಿಟ್ ಸ್ಕ್ಯಾನ್‌ನಲ್ಲಿ ಪ್ರತಿ ಬಣ್ಣಕ್ಕೆ ಒಂದು ಬೈಟ್ ಸಾಕು. 16 ಬಿಟ್ ಸ್ಕ್ಯಾನ್‌ನಲ್ಲಿ ಸಂಖ್ಯೆ 65535ರವರೆಗೆ ಹೋಗುವುದರಿಂದ ಎರಡು ಬೈಟ್ ಬೇಕು. ಯಾವುದು ಮೊದಲು ಬರಬೇಕು?

ಕನ್ನಡದಲ್ಲಿ 27ನ್ನು ‘ಇಪ್ಪತ್ತೇಳು’ ಎನ್ನುತ್ತೇವೆ, ಇಪ್ಪತ್ತು ಮೊದಲು. ಹಿಂದಿಯ ‘ಸತ್ತಾಯಿಸ್’ನಲ್ಲಿ ಏಳು ಮೊದಲು. ಕೇಳಿದ ಕ್ರಮದಲ್ಲೇ ಅಂಕಿ ಬರೆದರೆ 27 ಹೋಗಿ 72 ಆಗುತ್ತದೆ! ಕಂಪ್ಯೂಟರಿನಲ್ಲೂ ಹಾಗೆಯೇ. ದೊಡ್ಡ ಬೆಲೆಯ ಬೈಟ್ ಮೊದಲು ಬಂದರೆ ‘ಬಿಗ್ ಎಂಡಿಯನ್’, ಚಿಕ್ಕದು ಮೊದಲು ಬಂದರೆ ‘ಲಿಟಲ್ ಎಂಡಿಯನ್’. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ಜಗಳವಿರುವ, ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ‘ಗಲಿವರ್ಸ್ ಟ್ರಾವೆಲ್ಸ್’ನಿಂದ ಡ್ಯಾನಿ ಕೋಹೆನ್ 1980ರಲ್ಲಿ ಈ ಹೆಸರುಗಳನ್ನು ತಂದರು.

ಎಡವಟ್ಟು ಎಲ್ಲಿ?

ಇಂಟೆಲ್ ಪ್ರೊಸೆಸರ್‌ಗಳದು ಲಿಟಲ್ ಎಂಡಿಯನ್ ಕ್ರಮ. ಪಿಎನ್‌ಜಿ ಫೈಲ್‌ನದು ಬಿಗ್ ಎಂಡಿಯನ್. ಟಿಫ್ ಫೈಲ್‌ನಲ್ಲಿ ಎರಡೂ ಇರಬಹುದು. ಯಾವುದೆಂದು ಫೈಲಿನ ಮೊದಲ ಎರಡು ಅಕ್ಷರಗಳೇ ಹೇಳುತ್ತವೆ. ‘ಐಐ’ ಇದ್ದರೆ ಲಿಟಲ್, ‘ಎಂಎಂ’ ಇದ್ದರೆ ಬಿಗ್. ಲಿನಕ್ಸ್‌ನಲ್ಲಿ ಬಳಸುವ ‘ಸೇನ್’ ವ್ಯವಸ್ಥೆಯ ನಿಯಮದಂತೆ, 16 ಬಿಟ್ ಮಾಹಿತಿಯನ್ನು ಡ್ರೈವರ್ ಆಯಾ ಕಂಪ್ಯೂಟರಿನ ಕ್ರಮದಲ್ಲೇ ಕೊಡಬೇಕು. ಸ್ಕ್ಯಾನರ್ ಬೇರೆ ಕ್ರಮದಲ್ಲಿ ಕಳಿಸಿದಾಗ ಡ್ರೈವರ್ ಅದಲುಬದಲು ಮಾಡದಿದ್ದರೆ ಚಿತ್ರ ಕೆಡುತ್ತದೆ.

ನಡುಬೂದು ಬಣ್ಣದ ಬೆಲೆ 32768, ಅಂದರೆ 128 ಮತ್ತು 0 ಎಂಬ ಎರಡು ಬೈಟ್. ತಿರುಗಿಸಿ ಓದಿದರೆ ಬರೀ 128, ಹೆಚ್ಚುಕಡಿಮೆ ಕಪ್ಪು! ಕಪ್ಪಿಗೆ ಹತ್ತಿರದ 255 ತಿರುಗಿದರೆ 65280, ಹೆಚ್ಚುಕಡಿಮೆ ಬಿಳಿ. ಅಪ್ಪಟ ಕಪ್ಪು (0, 0), ಅಪ್ಪಟ ಬಿಳಿ (255, 255) ಹೀಗೆ ಎರಡೂ ಬೈಟ್ ಒಂದೇ ಆಗಿರುವ ಬೆಲೆಗಳು ಮಾತ್ರ ಬದಲಾಗುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ?

• ಅದೇ ಫೋಟೋವನ್ನು 24 ಬಿಟ್ ಕಲರ್‌ನಲ್ಲಿ (ಪ್ರತಿ ಬಣ್ಣಕ್ಕೆ 8 ಬಿಟ್) ಮತ್ತೆ ಸ್ಕ್ಯಾನ್ ಮಾಡಿ. ಸರಿಯಾಗಿ ಬಂದರೆ ಅನುಮಾನ ಬೈಟ್ ಕ್ರಮದ ಮೇಲೆ.
• ಚುಕ್ಕೆ ಇಲ್ಲದೆ ಕೆಂಪು ನೀಲಿಯಾಗಿ, ನೀಲಿ ಕೆಂಪಾಗಿ ಕಂಡರೆ ಅದು ಬಣ್ಣಗಳ ಕ್ರಮದ ತಪ್ಪು, ಬೇರೆ ವಿಷಯ.

ಏನು ಮಾಡಬೇಕು?

• ಮೂಲ ಫೈಲ್ ಅಳಿಸಬೇಡಿ. ಬೈಟ್‌ಗಳನ್ನು ಮತ್ತೆ ಅದಲುಬದಲು ಮಾಡಿದರೆ ಚಿತ್ರ ಒಂದಿಷ್ಟೂ ನಷ್ಟವಿಲ್ಲದೆ ಮರಳುತ್ತದೆ.
• ಜೆಪೆಗ್‌ಗೆ ಬದಲಿಸಿ ಮೂಲವನ್ನು ಎಸೆಯಬೇಡಿ. ಕಳೆದ ಮಾಹಿತಿ ಮತ್ತೆ ಸಿಗದು.
• ರಿಪೇರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.
• ಸ್ಕ್ಯಾನರ್ ಡ್ರೈವರ್ ಅಪ್‌ಡೇಟ್ ಮಾಡಿ.

ಒಟ್ಟಿನಲ್ಲಿ: ಚುಕ್ಕೆ ಕಂಡ ಮಾತ್ರಕ್ಕೆ ವೈರಸ್ ಎನ್ನುವುದು ತಪ್ಪು. ಅಜ್ಜಿಯ ಒಂದೇ ಒಂದು ಫೋಟೋ ಆ ಫೈಲಿನಲ್ಲಿ ಇನ್ನೂ ಸುರಕ್ಷಿತವಾಗಿ ಇರಬಹುದು.