ಚಿತ್ರದಿಂದ ರೇಖೆಗೆ

ಯಂತ್ರಶಿಲ್ಪಿಗಳೂ ವಾಸ್ತುಶಿಲ್ಪಿಗಳೂ ಹಿಂದೆ ಕಾಗದದ ಮೇಲೆ ಬರೆಯುತ್ತಿದ್ದ ನಕ್ಷೆಗಳನ್ನು ಈಗ ಗಣಕಯಂತ್ರದಲ್ಲಿ ರಚಿಸುವರು. ಹಳೆಯ ನಕ್ಷೆಯೊಂದನ್ನು ಆ ಯಂತ್ರದೊಳಕ್ಕೆ ತರಬೇಕಾದಾಗ ಅದರ ಛಾಯಾಚಿತ್ರವನ್ನು ತೆಗೆದರೆ ಸಾಲದೆ ಎಂಬ ಪ್ರಶ್ನೆ ಸಹಜವಾಗಿ ಹುಟ್ಟುವುದು. ಅದು ಸಾಲದು. ಛಾಯಾಚಿತ್ರವು ಯಂತ್ರದ ಪಾಲಿಗೆ ಬಿಂದುಗಳ ರಾಶಿ ಮಾತ್ರ. ನಕ್ಷೆಯಾದರೋ ಅಳತೆಗೊಳಪಟ್ಟ ರೇಖೆಗಳ ಸಂಬಂಧ. ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸುವುದಕ್ಕೆ ರೇಖೀಕರಣವೆನ್ನಬಹುದು. ಇದು ಕೇವಲ ಪ್ರತಿ ತೆಗೆಯುವ ಕೆಲಸವೋ, ಅರ್ಥನಿರ್ಣಯವೋ ಎಂಬುದು ಇದರ ಇತಿಹಾಸದಿಂದ ವಿಶದವಾಗುವುದು.

ಬಿಂದುಚಿತ್ರದ ಆರಂಭ ೧೯೫೭ರಲ್ಲಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಷ್ ಎಂಬವರು ತಮ್ಮ ಹಸುಗೂಸಿನ ಚಿತ್ರವೊಂದನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ೧೭೬ ಸಾಲುಗಳು, ಸಾಲೊಂದಕ್ಕೆ ೧೭೬ ಬಿಂದುಗಳು, ಒಟ್ಟು ೩೦,೯೭೬. ನೋಡುವವರಿಗೆ ಅದು ಶಿಶುವಿನ ಮುಖ. ಯಂತ್ರಕ್ಕೆ ಅಂಕೆಗಳ ಪಂಕ್ತಿ. ರೇಖೆಯ ಕಡೆಯ ಪ್ರಯತ್ನವೂ ಅದೇ ಕಾಲದ್ದು. ಫ್ರಾನ್ಸಿನ ಸಿಟ್ರೊಯೆನ್ ಕಾರ್ಖಾನೆಯಲ್ಲಿ ಪಾಲ್ ದ ಕಾಸ್ಟೆಲ್ಜೊ ೧೯೫೯ರಲ್ಲಿಯೂ, ಬಳಿಕ ರೆನೊ ಕಾರ್ಖಾನೆಯಲ್ಲಿ ಪಿಯೆರ್ ಬೆಜಿಯೆ ಸ್ವತಂತ್ರವಾಗಿಯೂ, ಕೆಲವೇ ಬಿಂದುಗಳಿಂದ ವಕ್ರರೇಖೆಯನ್ನು ನಿಯಮಿಸುವ ಕ್ರಮವನ್ನು ಕಂಡರು. ೧೯೬೩ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಮ್ಮ ಪ್ರಬಂಧದಲ್ಲಿ ವಿವರಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯು ರೇಖೆಯನ್ನಷ್ಟೇ ಅಲ್ಲ, ಈ ರೇಖೆ ಆ ರೇಖೆಗೆ ಸಮಾಂತರವೆಂಬ ಸಂಬಂಧವನ್ನೂ ನೆನಪಿನಲ್ಲಿಡುತ್ತಿತ್ತು.

ಈ ಎರಡಕ್ಕೂ ಸೇತುವೆ ಕಟ್ಟಬೇಕಾದ ಅಗತ್ಯ ದೊಡ್ಡ ಪ್ರಮಾಣದಲ್ಲಿ ಒದಗಿದುದು ಕೆನಡಾ ದೇಶದಲ್ಲಿ. ೧೯೬೦ರ ದಶಕದಲ್ಲಿ ಅಲ್ಲಿ ನಡೆದ ಭೂಪರಿಶೋಧನೆಯ ನಕ್ಷೆಗಳು ಕೈಯಿಂದ ಅಳೆದು ತೀರಿಸಲಾಗದಷ್ಟಿದ್ದುವು. ರೋಜರ್ ಟಾಮ್ಲಿನ್ಸನ್ ಅವರ ಯೋಜನೆಯಂತೆ ಐ.ಬಿ.ಎಂ. ಸಂಸ್ಥೆಯು ನಕ್ಷೆಗಳನ್ನು ಓದುವ ಉರುಳೆಯಂತ್ರವೊಂದನ್ನು ನಿರ್ಮಿಸಿತು; ಅದು ಗ್ರಹಿಸಿದ ಬಿಂದುಗಳನ್ನು ಗಣಕಯಂತ್ರವು ಎಲ್ಲೆಯ ರೇಖೆಗಳನ್ನಾಗಿ ಪರಿವರ್ತಿಸುತ್ತಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಉರುಳೆಗೆ ಏರಿಸುವ ಮುನ್ನ ಎಲ್ಲೆಗಳನ್ನು ಮನುಷ್ಯರೇ ಬೇರೊಂದು ಹಾಳೆಯ ಮೇಲೆ ನಿರ್ಮಲವಾಗಿ ಗೀರಬೇಕಾಗಿತ್ತು. ಎಂದರೆ, ಯಂತ್ರವು ಓದುವುದಕ್ಕೆ ಮೊದಲೇ ಯಾವುದು ಎಲ್ಲೆ, ಯಾವುದು ಅಲ್ಲ ಎಂಬುದು ನಿರ್ಣಯವಾಗಿತ್ತು.

ಆ ನಿರ್ಣಯವನ್ನೂ ಯಂತ್ರಕ್ಕೆ ವಹಿಸುವ ಯತ್ನಗಳು ಮುಂದುವರಿದುವು. ೧೯೬೧ರಲ್ಲಿ ಹರ್ಬರ್ಟ್ ಫ್ರೀಮನ್ ಅವರು ಅಂಚಿನ ನಡೆಯನ್ನು ಎಂಟು ದಿಕ್ಕುಗಳ ಸಂಕೇತದಿಂದ ಬರೆದಿಡುವ ಕ್ರಮವನ್ನು ಪ್ರಕಟಿಸಿದ್ದರು. ೧೯೭೨ರಲ್ಲಿ ಉರ್ಸ್ ರಾಮರ್, ೧೯೭೩ರಲ್ಲಿ ಡಗ್ಲಸ್ ಮತ್ತು ಪ್ಯೂಕರ್, ಇಂಥ ನಡೆಯಲ್ಲಿ ಅನಾವಶ್ಯಕ ಬಿಂದುಗಳನ್ನು ಕೈಬಿಡುವ ವಿಧಾನವನ್ನು ತೋರಿಸಿದರು. ಸರಳರೇಖೆಯಿಂದ ನಿಶ್ಚಿತ ದೂರವನ್ನು ಮೀರಿದ ಬಿಂದು ಉಳಿಯುವುದು, ಮಿಕ್ಕುದು ಹೋಗುವುದು. ಆದರೆ ಆ ದೂರವನ್ನು ನಿಶ್ಚಯಿಸುವವನು ಮನುಷ್ಯನೇ. ಅದು ಹೆಚ್ಚಾದರೆ ನಿಜವಾದ ಮೂಲೆಯೂ ಅಳಿಯುವುದು. ಕಡಮೆಯಾದರೆ ಕಾಗದದ ಅಂಚಿನ ಒರಟೂ ರೇಖೆಯ ಗುಣವಾಗಿ ಪರಿಣಮಿಸುವುದು.

೨೦೦೧ರಲ್ಲಿ ಪೀಟರ್ ಸೆಲಿಂಗರ್ ಅವರು ಹೊರತಂದ ಪೋಟ್ರೇಸ್ ಎಂಬ ಕ್ರಮವಿಧಿಯು ಕಪ್ಪು ಆಕೃತಿಗಳ ಹೊರ ಅಂಚನ್ನು ನಯವಾದ ವಕ್ರರೇಖೆಗಳಿಂದ ಸುತ್ತುವುದು. ಅಕ್ಷರಕ್ಕೂ ಲಾಂಛನಕ್ಕೂ ಇದು ಯುಕ್ತವೇ. ನಕ್ಷೆಯಲ್ಲಾದರೋ ಲೇಖನಿಯ ಗೀರಿಗೆ ದಪ್ಪವುಂಟು. ಅಂಚನ್ನು ಸುತ್ತಿದರೆ ಒಂದು ಗೀರು ಎರಡು ರೇಖೆಗಳಾಗುವುದು. ಗೀರನ್ನು ಸವೆಯಿಸಿ ನಡುರೇಖೆಯನ್ನು ಪಡೆಯುವ ವಿಧಾನವೊಂದನ್ನು ಜಾಂಗ್ ಮತ್ತು ಸುಯೆನ್ ೧೯೮೪ರಲ್ಲಿ ಪ್ರಕಟಿಸಿದರು. ಆದರೆ ರೇಖೆಗಳು ಕೂಡುವೆಡೆಗಳಲ್ಲಿ ಇಂಥ ಸವೆಯಿಸುವಿಕೆಯಿಂದ ಆಕೃತಿ ವಿಕಾರಗೊಳ್ಳುವುದುಂಟು. ಇದಲ್ಲದೆ, ವೃತ್ತವು ನೂರು ತುಂಡುಗೆರೆಗಳ ಸರಪಳಿಯಾಗಿ ಬಂದರೆ ಕಣ್ಣಿಗೆ ವೃತ್ತವೇ ಹೌದು. ರಂಧ್ರ ಕೊರೆಯುವವನಿಗೆ ಬೇಕಾದ ಕೇಂದ್ರವೂ ತ್ರಿಜ್ಯವೂ ಅದರಲ್ಲಿ ಇರುವುದಿಲ್ಲ. ೧೯೮೨ರಲ್ಲಿ ಆಟೋಕ್ಯಾಡ್‌ನೊಡನೆ ಬಂದ ಡಿ.ಎಕ್ಸ್.ಎಫ್. ಎಂಬ ಕಡತದ ರೂಪದಲ್ಲಿ ಇದನ್ನು ಬರೆದಿಟ್ಟರೂ ಈ ಕೊರತೆ ತುಂಬದು. ತೆರೆಯಬಹುದಾದ ಕಡತವೆಲ್ಲ ಬಳಸಬಹುದಾದ ಕಡತವಲ್ಲ.

ಕಡೆಯದಾಗಿ ಪ್ರಮಾಣದ ವಿಷಯ. ಬಿಂದುಗಳಲ್ಲಿ ಅಡಿಯಿಲ್ಲ, ಅಂಗುಲವಿಲ್ಲ. ತಿಳಿದ ಅಳತೆಯೊಂದನ್ನು ಹೊರಗಿನಿಂದ ಕೊಡಬೇಕು. ಹಳೆಯ ಕಾಗದವು ತೇವಕ್ಕೆ ಹಿಗ್ಗಿ ಒಣಗಿ ಕುಗ್ಗಿರಬಹುದು. ಆದುದರಿಂದ ಗೆರೆಯ ಉದ್ದಕ್ಕೂ ಅದರ ಪಕ್ಕದಲ್ಲಿ ಬರೆದ ಅಂಕೆಗೂ ವಿರೋಧ ಬಂದಲ್ಲಿ ಅಂಕೆಯೇ ಪ್ರಮಾಣವೆಂಬುದು ನಕ್ಷೆಗಾರರ ಸಂಪ್ರದಾಯ. ಛಾಯೆಯನ್ನು ನಿಷ್ಠೆಯಿಂದ ಅನುಸರಿಸಿದ ರೇಖೆ ಇಲ್ಲಿ ನಕ್ಷೆಗೆ ದ್ರೋಹ ಮಾಡಿದಂತಾಗುವುದು.

ಗ್ರಂಥಸಂಪಾದಕರಿಗೆ ಈ ಸಂಕಟ ಅಪರಿಚಿತವಲ್ಲ. ಓಲೆಯ ಮೇಲಿನ ಹುಳುಕುತೂತನ್ನು ಸೊನ್ನೆಯೆಂದು ಓದಿದವನು ಕಂಡುದನ್ನೇ ಬರೆದನು. ಆದರೂ ಪಾಠ ಕೆಟ್ಟಿತು. ಕಂಡ ಗುರುತಿನಿಂದ ಬರೆದವನ ಉದ್ದೇಶಕ್ಕೆ ಹೋಗುವುದೇ ಸಂಪಾದನೆ. ರೇಖೀಕರಣವೂ ಅದೇ ಜಾತಿಯದು. ಯಂತ್ರವು ಬಿಂದುಗಳನ್ನು ಎಷ್ಟೇ ಶೀಘ್ರವಾಗಿ ಜೋಡಿಸಲಿ, ಇದು ಗೋಡೆ, ಇದು ಕಲೆ ಎಂದು ನಿಶ್ಚಯಿಸಿ ಆ ನಿಶ್ಚಯಕ್ಕೆ ಹೊಣೆಯಾಗುವವನು ನಕ್ಷೆಯನ್ನು ಓದಬಲ್ಲವನೇ ಆಗಿರಬೇಕು.