ಚಕ್ಕುಬಂದಿ ತಪ್ಪಿದ ಹೊಲಗಳು

1786ರ ಮೇ ತಿಂಗಳು. ಕೆಂಟಕಿಯ ಲಾಂಗ್ ರನ್ ಹಳ್ಳದ ಬಳಿ ಕಾಡು ಕಡಿದು ಹಸನು ಮಾಡಿದ ಹೊಲದಲ್ಲಿ ಕ್ಯಾಪ್ಟನ್ ಅಬ್ರಹಾಂ ಲಿಂಕನ್ ಮೂವರು ಗಂಡುಮಕ್ಕಳೊಡನೆ ಕೆಲಸ ಮಾಡುತ್ತಿದ್ದ. ಕಾಡಿನಂಚಿನಿಂದ ಗುಂಡು ಹಾರಿತು, ಅವನು ಅಲ್ಲೇ ಬಿದ್ದ. ದೊಡ್ಡ ಮಗ ಮೊರ್ಡೆಕಾಯ್ ಬಂದೂಕು ತರಲು ಮನೆಗೆ ಓಡಿದ. ನಡುವಿನವನು ಜೊಸಾಯ ಸಹಾಯಕ್ಕೆಂದು ಕೋಟೆಯ ಕಡೆ ಓಡಿದ. ಎಂಟು ವರ್ಷದ ಥಾಮಸ್ ಅಪ್ಪನ ಹೆಣದ ಪಕ್ಕದಲ್ಲೇ ಉಳಿದ. ಮೂಲನಿವಾಸಿ ಯೋಧನೊಬ್ಬ ಹುಡುಗನ ಹತ್ತಿರ ಬರುವಷ್ಟರಲ್ಲಿ ಮೊರ್ಡೆಕಾಯ್ ಮನೆಯೊಳಗಿಂದ ಗುರಿಯಿಟ್ಟು ಅವನನ್ನು ಕೊಂದ.

ಹುಡುಗ ಬದುಕಿಕೊಂಡ. ಬೆಳೆದು ಬೇಸಾಯಕ್ಕಿಳಿದ, ಬಡಗಿ ಕೆಲಸ ಕಲಿತ, ಮದುವೆಯಾದ, ಮಗನಿಗೆ ಸತ್ತ ಅಪ್ಪನ ಹೆಸರಿಟ್ಟ. ಆ ಮಗನೇ ಅಮೆರಿಕದ 16ನೇ ಅಧ್ಯಕ್ಷ ಅಬ್ರಹಾಂ ಲಿಂಕನ್. ಮಗನ ಬಗ್ಗೆ ಪುಸ್ತಕಗಳು ಸಾವಿರಾರು ಬಂದವು. ಅವುಗಳಲ್ಲಿ ಅಪ್ಪನ ಪಾಲಿಗೆ ಬಹುಕಾಲ ಸಿಕ್ಕಿದ್ದು ಒಂದೆರಡು ಸಾಲು: ಸೋಮಾರಿ, ಒಂದೂರಲ್ಲಿ ಕಾಲೂರದ ಅಲೆಮಾರಿ. ಕೋರ್ಟು ಕಚೇರಿಗಳಲ್ಲಿ ಉಳಿದಿರುವ ಅವನ ಕ್ರಯಪತ್ರ, ಕಂದಾಯ ಪಟ್ಟಿಗಳನ್ನು ಬಿಡಿಸಿ ನೋಡಿದರೆ ಬೇರೆಯದೇ ಮನುಷ್ಯ ಕಾಣುತ್ತಾನೆ.

ಅಲೆಯುವುದು ಆ ಮನೆತನಕ್ಕೆ ಹೊಸದೇನೂ ಆಗಿರಲಿಲ್ಲ. ನೇಕಾರಿಕೆ ಕಲಿಯುತ್ತಿದ್ದ ಸ್ಯಾಮ್ಯುಯೆಲ್ ಲಿಂಕನ್ 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದಿಳಿದವನು. ಮುಂದಿನ ತಲೆಮಾರುಗಳು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಹಾದು 1768ರ ಹೊತ್ತಿಗೆ ವರ್ಜೀನಿಯಾದ ಲಿನ್ವಿಲ್ ಹಳ್ಳದ ದಂಡೆಗೆ ಬಂದವು. ಅಲ್ಲಿ ಹೊಲ ಚೆನ್ನಾಗಿಯೇ ಇತ್ತು. ಆದರೆ ಬೆಟ್ಟದಾಚೆ ಕೆಂಟಕಿಯಲ್ಲಿ ಅದಕ್ಕಿಂತ ದೊಡ್ಡ ಹೊಲ ಅಗ್ಗಕ್ಕೆ ಸಿಗುತ್ತದೆಂಬ ಸುದ್ದಿ ಹಬ್ಬಿತ್ತು. ಕ್ಯಾಪ್ಟನ್ ಲಿಂಕನ್ ಇದ್ದದ್ದನ್ನು ಮಾರಿ ಸಂಸಾರ ಕಟ್ಟಿಕೊಂಡು ಹೊರಟ. ಹಾಗೆ ಅಗ್ಗಕ್ಕೆ ಸಿಗುತ್ತಿದ್ದದ್ದು ಶಾನೀ, ಚೆರೊಕೀ ಮುಂತಾದ ಜನ ತಲೆತಲಾಂತರದಿಂದ ಬೇಟೆಯಾಡಿಕೊಂಡು ಬಂದಿದ್ದ ನೆಲ. ಲಾಂಗ್ ರನ್‌ನಲ್ಲಿ ಹಾರಿದ ಗುಂಡನ್ನು ಈ ಮಾತು ಬಿಟ್ಟು ಓದಲಾಗದು.

ಕ್ಯಾಪ್ಟನ್ ಸತ್ತಾಗ ವರ್ಜೀನಿಯಾದ ಹಳೇ ಕಾನೂನು ಇನ್ನೂ ಜಾರಿಯಲ್ಲಿತ್ತು: ಉಯಿಲಿಲ್ಲದ ಆಸ್ತಿ ಹಿರಿಯ ಮಗನಿಗೆ. ಸಾವಿರಾರು ಎಕರೆ ಮೊರ್ಡೆಕಾಯ್ ಪಾಲಾಯಿತು. ಥಾಮಸ್ ಕಂಡವರ ಹೊಲದಲ್ಲಿ ಕೂಲಿ ಮಾಡಿ ಬೆಳೆದ, ಓದು ಹತ್ತಲಿಲ್ಲ. ತಪ್ಪುತಪ್ಪಾಗಿ ಸಹಿ ಹಾಕುವುದಕ್ಕಿಂತ ಹೆಚ್ಚಿನ ಬರವಣಿಗೆ ಅವನಿಗೆ ಬರುತ್ತಿರಲಿಲ್ಲವೆಂದು ಮಗನೇ 1860ರಲ್ಲಿ ಬರೆದುಕೊಂಡಿದ್ದಾನೆ. ಆ ಬರಹದಲ್ಲಿ ಸ್ವಲ್ಪ ಕಹಿಯೂ ಇದೆ.

ಆದರೂ 25ನೇ ವಯಸ್ಸಿಗೆ, 1803ರಲ್ಲಿ, ಥಾಮಸ್ ಹಾರ್ಡಿನ್ ಕೌಂಟಿಯ ಮಿಲ್ ಕ್ರೀಕ್‌ನಲ್ಲಿ 238 ಎಕರೆ ಕೊಂಡ. ಕೊಟ್ಟದ್ದು 118 ಪೌಂಡು. 1806ರ ಜೂನ್ 12ರಂದು ನ್ಯಾನ್ಸಿ ಹ್ಯಾಂಕ್ಸ್‌ಳನ್ನು ಮದುವೆಯಾದ. 1808ರ ಕೊನೆಯಲ್ಲಿ ಸಿಂಕಿಂಗ್ ಸ್ಪ್ರಿಂಗ್ ಎಂಬಲ್ಲಿ ಇನ್ನೂರು ಡಾಲರ್ ನಗದು ಕೊಟ್ಟು ಇನ್ನೊಂದು ಜಮೀನು ಹಿಡಿದ. 1809ರ ಫೆಬ್ರವರಿ 12ರಂದು ಮಗ ಹುಟ್ಟಿದ್ದು ಅಲ್ಲೇ. ಎರಡು ವರ್ಷ ಕಳೆದ ಮೇಲೆ ನಾಬ್ ಕ್ರೀಕ್‌ನಲ್ಲಿ ಮೂರನೆಯದು. 1814ರ ಕಂದಾಯ ಪಟ್ಟಿಯಲ್ಲಿ 98 ಆಸ್ತಿದಾರರ ನಡುವೆ ಅವನು 15ನೆಯವನು. ಸೋಮಾರಿಯ ಲೆಕ್ಕ ಹೀಗಿರುವುದಿಲ್ಲ.

ತೊಡಕೆಲ್ಲ ಇದ್ದದ್ದು ಚಕ್ಕುಬಂದಿಯಲ್ಲಿ. ಕೆಂಟಕಿ ಇನ್ನೂ ವರ್ಜೀನಿಯಾಕ್ಕೆ ಸೇರಿದ್ದಾಗ ಸರ್ಕಾರ ಮೊದಲು ಸರ್ವೆ ಮಾಡಿಸಿ ಆಮೇಲೆ ಮಾರಲಿಲ್ಲ, ಹಕ್ಕಿನ ಚೀಟಿ ಮೊದಲು ಮಾರಿತು. ಚೀಟಿ ಕೊಂಡವನು ತನಗೆ ಬೇಕಾದ ಕಡೆ ಹೋಗಿ, ತಾನೇ ಅಳೆಸಿಕೊಂಡು, ನೋಂದಾಯಿಸಬೇಕು. ಗಡಿ ಗುರುತು ಎಂದರೆ ಗಾಯ ಮಾಡಿದ ಒಂದು ಓಕ್ ಮರ, ಹಳ್ಳದ ಒಂದು ತಿರುವು, ಒಂದು ಬಂಡೆ. ಮರ ಉರುಳಿದರೆ, ಹಳ್ಳ ಪಾತ್ರ ಬದಲಿಸಿದರೆ ಗಡಿಯೂ ಹೋಯಿತು. ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ ಒಬ್ಬನ ಹಕ್ಕಿನ ಮೇಲೆ ಇನ್ನೊಬ್ಬನ ಹಕ್ಕು ಕೂತಿತ್ತು. ಲಾಭವಾದದ್ದು ವಕೀಲರಿಗೆ ಮತ್ತು ದೂರದೂರಿನ ದೊಡ್ಡ ಹಿಡುವಳಿದಾರರಿಗೆ.

ಥಾಮಸನಿಗೆ ಮೂರು ಕಡೆಯೂ ಪೆಟ್ಟು ಬಿತ್ತು. ಮಿಲ್ ಕ್ರೀಕಿನ ಹೊಲ 1814ರಲ್ಲಿ ಮಾರಲು ಹೋದಾಗ ಅಳತೆಯ ತಪ್ಪಿನಿಂದ 38 ಎಕರೆ ಕಳೆಯಿತು. ಉಳಿದದ್ದಕ್ಕೆ ಬಂದದ್ದು 100 ಪೌಂಡು. ಸಿಂಕಿಂಗ್ ಸ್ಪ್ರಿಂಗ್‌ಗೆ ಹಿಂದಿನವರ ಬಾಕಿಯ ತಕರಾರು ಸುತ್ತಿಕೊಂಡು ಅದು ಕೈಬಿಟ್ಟಿತು. ನಾಬ್ ಕ್ರೀಕ್ ತಮ್ಮದೆಂದು ಫಿಲಡೆಲ್ಫಿಯಾದ ವಾರಸುದಾರರು 1815ರಲ್ಲಿ ಅವನ ಮೇಲೂ ನೆರೆಯವರ ಮೇಲೂ ಒಕ್ಕಲೆಬ್ಬಿಸುವ ದಾವೆ ಹೂಡಿದರು. 1816ರ ಡಿಸೆಂಬರಿನಲ್ಲಿ ಅವನು ಸಂಸಾರದೊಡನೆ ಒಹಾಯೊ ನದಿ ದಾಟಿದ. ಕೆಂಟಕಿ ಬಿಟ್ಟದ್ದಕ್ಕೆ ಗುಲಾಮಗಿರಿ ಒಂದು ಕಾರಣ, ಮುಖ್ಯ ಕಾರಣ ಭೂಮಿಯ ಹಕ್ಕುಪತ್ರದ ರಗಳೆ ಎಂದು ಮಗ ಮುಂದೆ ಬರೆದ. ಥಾಮಸ್ ಸೇರಿದ್ದ ಬ್ಯಾಪ್ಟಿಸ್ಟ್ ಪಂಗಡ ಗುಲಾಮಗಿರಿಯನ್ನು ಒಪ್ಪುತ್ತಿರಲಿಲ್ಲ, ನಿಜ. ಆದರೆ ಮಗ ಹಾಕಿದ ಲೆಕ್ಕವೇ ಸರಿ ಅನ್ನಿಸುತ್ತದೆ.

ಇಂಡಿಯಾನಾ ಬೇರೆ ಲೋಕ. ಅಲ್ಲಿ 1785ರ ಭೂ ಕಾನೂನಿನಂತೆ ಸರ್ಕಾರವೇ ಮೊದಲು ಅಳೆದು, ನೆಲವನ್ನು ಚದುರಂಗದ ಮಣೆಯಂತೆ ಚೌಕಚೌಕವಾಗಿ ಹಂಚಿತ್ತು. ಒಂದು ಚೌಕ 640 ಎಕರೆ, ಅದರ ಕಾಲು ಭಾಗ 160. ಈ ನೆಲವೂ ಬರಿದಾಗಿ ಬಿದ್ದದ್ದಲ್ಲ, ಡೆಲವೇರ್ ಮುಂತಾದ ಜನರಿಂದ ಕೆಲವೇ ವರ್ಷ ಹಿಂದೆ ಒಪ್ಪಂದದ ಹೆಸರಲ್ಲಿ ಪಡೆದದ್ದು. ಲಿಟಲ್ ಪಿಜನ್ ಹಳ್ಳದ ಬಳಿ ಥಾಮಸ್ ಒಂದು ಕಾಲು ಚೌಕ ಆರಿಸಿಕೊಂಡ. ಎಕರೆಗೆ ಎರಡು ಡಾಲರಿನಂತೆ 320 ಡಾಲರ್, ಕಂತಿನ ಮೇಲೆ. 1817ರ ಅಕ್ಟೋಬರಿನಲ್ಲಿ ವಿನ್ಸೆನ್ಸ್ ಕಚೇರಿಗೆ ಹೋಗಿ 16 ಡಾಲರ್ ಕಟ್ಟಿದ, ಡಿಸೆಂಬರಿನಲ್ಲಿ ಇನ್ನು 64.

ಮೊದಲು ಎಬ್ಬಿಸಿದ್ದು ಮೂರು ಕಡೆ ಮಾತ್ರ ಮರೆಯಿದ್ದ ಜೋಪಡಿ. ನಾಲ್ಕನೇ ಕಡೆ ಗೋಡೆಯ ಬದಲು ಬೆಂಕಿ, ಗಾಳಿ ತಿರುಗಿದರೆ ಹೊಗೆ ಒಳಗೆ. ಎಂಟು ವರ್ಷದ ಹುಡುಗನ ಕೈಗೆ ಕೊಡಲಿ ಬಂತು.

1818ರ ಬೇಸಿಗೆ ಮುಗಿಯುವ ಹೊತ್ತಿಗೆ ಹಾಲಿನ ಬೇನೆ ಬಂತು. ಮೇವು ಒಣಗಿದಾಗ ದನಗಳು ಕಾಡಿನೊಳಗೆ ನುಗ್ಗಿ ನೆರಳಲ್ಲಿ ಬೆಳೆಯುವ ಬಿಳಿ ಹೂವಿನ ಗಿಡವೊಂದನ್ನು ಮೇಯುತ್ತಿದ್ದವು. ವಿಷ ಹಾಲಿಗೆ ಇಳಿಯುತ್ತಿತ್ತು, ಹಾಲು ಕುಡಿದವರು ವಾಂತಿ, ನಡುಕದಲ್ಲಿ ದಿನಗಳೊಳಗೆ ಸಾಯುತ್ತಿದ್ದರು. ಕಾರಣ ಆಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವಿಷವನ್ನು ಪ್ರಯೋಗಾಲಯ ಗುರುತಿಸಿದ್ದು 1920ರ ದಶಕದಲ್ಲಿ. ನ್ಯಾನ್ಸಿಯನ್ನು ಸಾಕಿದ್ದ ಚಿಕ್ಕಮ್ಮ, ಚಿಕ್ಕಪ್ಪ ಮೊದಲು ಹೋದರು. ಅಕ್ಟೋಬರ್ 5ರಂದು ನ್ಯಾನ್ಸಿಯೂ ತೀರಿಕೊಂಡಳು, ವಯಸ್ಸು 34. ಥಾಮಸ್ ಹಲಗೆ ಕೊಯ್ದು ಹೆಂಡತಿಗೆ ತಾನೇ ಶವಪೆಟ್ಟಿಗೆ ಮಾಡಿದ. ಒಂಬತ್ತು ವರ್ಷದ ಮಗ ಪಕ್ಕದಲ್ಲಿ ಕೂತು ಹಲಗೆ ಬಿಗಿಯುವ ಮರದ ಗೂಟಗಳನ್ನು ಚಾಕುವಿನಿಂದ ಕೆತ್ತಿ ಕೊಟ್ಟ ಎಂದು ಮನೆಯವರು ಹೇಳುತ್ತಿದ್ದರು.

ಮರುವರ್ಷ ಥಾಮಸ್ ಕೆಂಟಕಿಗೆ ಹೋಗಿ ಸಾರಾ ಬುಶ್ ಜಾನ್‌ಸ್ಟನ್ ಎಂಬ ವಿಧವೆಯನ್ನು ಮದುವೆಯಾಗಿ ಕರೆತಂದ. ಆಕೆ ಮೂರು ಮಕ್ಕಳೊಂದಿಗೆ ಗಾಡಿ ತುಂಬ ಸಾಮಾನೂ ತಂದಳು. ಬಂದವಳೇ ಗಂಡನ ಕೈಲಿ ಮಣ್ಣಿನ ನೆಲಕ್ಕೆ ಹಲಗೆ ಹಾಸಿಸಿದಳು. ಮಲತಾಯಿ ಎಂದರೆ ಕಥೆಗಳಲ್ಲಿ ಬರುವವಳಲ್ಲ ಈಕೆ. ಹುಡುಗನ ಓದಿಗೆ ಬೆನ್ನಾಗಿ ನಿಂತವಳೇ ಆಕೆ.

ಕಂತಿನ ಬಾಕಿ ಮಾತ್ರ ತೀರಲಿಲ್ಲ. 1827ರಲ್ಲಿ ಥಾಮಸ್ 80 ಎಕರೆ ಸರ್ಕಾರಕ್ಕೆ ಹಿಂದಿರುಗಿಸಿ, ಉಳಿದ 80 ಎಕರೆಗೆ ಪೂರ್ತಿ ಹಕ್ಕುಪತ್ರ ಪಡೆದ. ಯಾರೂ ತಕರಾರು ಎತ್ತಲಾರದ ಹೊಲ ಕೊನೆಗೂ ಸಿಕ್ಕಿತ್ತು. ಅದನ್ನೂ ಮಾರಿ 1830ರ ಮಾರ್ಚ್‌ನಲ್ಲಿ 13 ಜನರ ತಂಡದೊಡನೆ ಎತ್ತಿನ ಗಾಡಿಯಲ್ಲಿ ಇಲಿನಾಯ್‌ಗೆ ಹೊರಟ. ಹಾಲಿನ ಬೇನೆಯ ಹೆದರಿಕೆ ಮತ್ತೆ ಎದ್ದಿತ್ತು, ಮೊದಲೇ ಹೋಗಿದ್ದ ನೆಂಟರು ಅಲ್ಲಿನ ನೆಲವನ್ನು ಹೊಗಳುತ್ತಿದ್ದರು. ಮೊದಲ ಚಳಿಗಾಲವೇ ಆ ಸೀಮೆಯವರು ಮುಂದೆ ‘ಭಾರೀ ಹಿಮದ ವರ್ಷ’ ಎಂದು ನೆನೆಯುವಷ್ಟು ಕ್ರೂರವಾಗಿತ್ತು.

ಮಗ ಅಲ್ಲಿಂದಲೇ ಬೇರೆಯಾದ. 21 ತುಂಬುವವರೆಗೆ ದುಡಿದ ಕೂಲಿಯೆಲ್ಲ ಅಪ್ಪನ ಕೈಗೆ ಹೋಗಿತ್ತು, ಅದು ಆ ಕಾಲದ ಕಾನೂನು. ವಕೀಲನಾದ ಮೇಲೆ, 1841ರಲ್ಲಿ, ಇನ್ನೂರು ಡಾಲರ್ ಕೊಟ್ಟು 40 ಎಕರೆ ತನ್ನ ಹೆಸರಿಗೆ ಬರೆಸಿಕೊಂಡು, ಹೆತ್ತವರು ಬದುಕಿರುವವರೆಗೆ ಅನುಭವಿಸಲಿ ಎಂದು ಬಿಟ್ಟ. ಪತ್ರಗಳಲ್ಲಿ ಮೋಸಹೋದವನ ಮಗ ಪತ್ರವನ್ನು ಬಿಗಿಯಾಗಿಯೇ ಬರೆಸಿದ್ದಾನೆ. 1851ರ ಜನವರಿಯಲ್ಲಿ ಅಪ್ಪ ಹಾಸಿಗೆ ಹಿಡಿದಾಗ ಅವನು ನೋಡಲು ಹೋಗಲಿಲ್ಲ. ಭೇಟಿಯಿಂದ ಸುಖಕ್ಕಿಂತ ನೋವೇ ಹೆಚ್ಚಾದೀತು ಎಂಬ ಅರ್ಥದ ಕಾಗದ ಬರೆದ. 17ರಂದು ಥಾಮಸ್ ತೀರಿಕೊಂಡ, ಮಣ್ಣಿಗೂ ಮಗ ಬರಲಿಲ್ಲ. ಎರಡು ವರ್ಷದ ಮೇಲೆ ಹುಟ್ಟಿದ ಕಿರಿಯ ಮಗನಿಗೆ ಮಾತ್ರ ಥಾಮಸ್ ಎಂದೇ ಹೆಸರಿಟ್ಟ.

1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದ. ಐದು ವರ್ಷ ನೆಲೆಸಿ ಉತ್ತವನಿಗೆ ಶುಲ್ಕ ಬಿಟ್ಟು ಬೇರೆ ಹಣವಿಲ್ಲದೆ ಭೂಮಿ. ಒಂದು ಸಂಸಾರಕ್ಕೆ 160 ಎಕರೆ, ಅದೇ ಕಾಲು ಚೌಕ. ಆ ಭೂಮಿಯ ಹಿಂದೆಯೂ ಮೂಲನಿವಾಸಿಗಳು ಕಳೆದುಕೊಂಡ ನೆಲದ ಅದೇ ಹಳೇ ಕಥೆಯಿತ್ತು.

ಇಲಿನಾಯ್‌ನ ಗೂಸ್‌ನೆಸ್ಟ್ ಪ್ರೇರಿಯಲ್ಲಿ ಥಾಮಸ್ ಕಡೆಗಾಲ ಕಳೆದ ಮರದ ಮನೆಯನ್ನು ಬಿಚ್ಚಿ, 1893ರ ಷಿಕಾಗೊ ವಿಶ್ವಮೇಳದಲ್ಲಿ ತೋರಿಸಲೆಂದು ಒಯ್ದರು. ಮೇಳ ಮುಗಿದ ಮೇಲೆ ಅದರ ದಿಮ್ಮಿಗಳು ಕಳೆದುಹೋದವು. ಇಂದು ಅಲ್ಲಿ ನಿಂತಿರುವುದು ಆಮೇಲೆ ಕಟ್ಟಿದ ನಕಲು.