ಬಣ್ಣಕ್ಕೆ ಮುಂಚಿನ ಕೆಲಸ

ಹಂಪೆಯ ವಿರೂಪಾಕ್ಷ ದೇಗುಲದ ಚಿತ್ರಗಳನ್ನು ಬರೆದವರು ಕಿನ್ನಾಳದ ಚಿತ್ರಗಾರರ ಪೂರ್ವಿಕರೆಂದು ಪ್ರತೀತಿ. 1565ರಲ್ಲಿ ವಿಜಯನಗರ ಹಾಳಾಯಿತು. ನಿಜಾಮರ ಆಳ್ವಿಕೆ ಬಂದು ಹೋಯಿತು. 1956ರಲ್ಲಿ ಕೊಪ್ಪಳ ಸೀಮೆ ನಮ್ಮ ರಾಜ್ಯಕ್ಕೆ ಸೇರಿತು. ಗೊಂಬೆಯ ಕಸುಬು ಮನೆತನಗಳಲ್ಲಿ ಉಳಿದುಬಂದಿದೆ.

ಇದರಲ್ಲಿ ಬಣ್ಣ ಕಟ್ಟಕಡೆಯದು. ಹಗುರವಾದ ಮರವನ್ನು ಕೆತ್ತಿ, ಅಂಗಾಂಗಗಳನ್ನು ಹುಣಸೆಬೀಜದ ಸರಿಯಿಂದ ಬೆಸೆಯುವರು. ನೆನೆಸಿ, ಒಣಗಿಸಿ, ಪುಡಿಮಾಡಿದ ಗೋಣಿಚಿಂದಿಗೆ ಮರದ ಹೊಟ್ಟನ್ನೂ ಅದೇ ಸರಿಯನ್ನೂ ಕಲಸಿದರೆ ‘ಕಿಟ್ಟ’. ಮೇಲೆ ಹತ್ತಿಬಟ್ಟೆಯ ಪಟ್ಟಿ, ಅದರ ಮೇಲೆ ಕಲ್ಲುಪುಡಿಯ ಲೇಪ. ಗರುಡನ ಒಡವೆಗಳು ಉಬ್ಬಿ ಕಾಣುವುದೂ ಈ ಲೇಪದಿಂದಲೇ.

ದೀಪಾಂಜಲಿ ನಗರದ ನಮ್ಮ ಮನೆಯ ಗರುಡನಿಗೆ ರೆಕ್ಕೆಯ ಬಣ್ಣ ಚಕ್ಕೆಯೆದ್ದಿದೆ. ದಸರೆಗೆ ಮುಂಚೆ ಎನಾಮೆಲ್ ಬಳಿದುಬಿಡಿ ಎನ್ನುತ್ತಾರೆ ಮನೆಯವರು. ಬಳಿದರೆ ಹೊಳೆದೀತು, ಒಡವೆಯ ಗೆರೆಗಳು ಮುಚ್ಚಿಹೋದಾವು. ಈ ವರ್ಷ ಅವನು ಹಾಗೆಯೇ ಕೂರಲಿ.